ಜನರಲ್ ತಿಮ್ಮಯ್ಯನವರು ನಿವೃತ್ತಿಯಾದ ಮೇಲಿನ ನಾಲ್ಕೂವರೆ ವರ್ಷ: ಗೊತ್ತಿದ್ದವರು ತಿಳಿಸಿ

ಹವಾಲ್ದಾರರ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದಕ್ಕೆ ಬರೀತಿದ್ದೀನಿ, ಬೇಸರ ಮಾಡ್ಕೋಬೇಡಿ.

ನಮ್ಮಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು, ಅಂದ್ರೆ ಸೇನೆಗೆ ರಸ್ತೆ, ಸೇತುವೆ ಕಟ್ಟೋ ಎಂಜಿನಿಯರ್ ದಳ. ಹಲಸೂರು ಕೆರೆ ಪಕ್ಕದ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರಿನಲ್ಲಿ ಟ್ರೈನಿಂಗ್ ಮುಗಿಸಿ, ದೇಶದ ಉದ್ದಗಲ ಸೇತುವೆ ಕಟ್ಟಿ, ಹವಾಲ್ದಾರರಾಗಿ ಪೆನ್ಷನ್‌ಗೆ ಬಂದು ಇಪ್ಪತ್ತು ವರ್ಷ ದಾಟಿತು. ಈಗ ಊರಲ್ಲಿ ಎರಡೆಕರೆ ತೆಂಗಿನ ತೋಟ ನೋಡ್ಕೊಂಡಿದ್ದಾರೆ. ಇವತ್ತಿಗೂ ಬೆಳಗ್ಗೆ ಐದಕ್ಕೆ ಎದ್ದು ಜಗುಲಿ ಮೇಲೆ ಕೂತು ಶೂ ಪಾಲಿಶ್ ಮಾಡ್ತಾರೆ. ಮೊದಲು ಬ್ರಷ್, ಆಮೇಲೆ ಹಳೇ ಪಂಚೆ ಚೂರನ್ನ ಬೆರಳಿಗೆ ಸುತ್ತಿ ಸಣ್ಣ ಸಣ್ಣ ಸುತ್ತು, ಕೊನೆಗೆ ಒಂದು ಹನಿ ನೀರು. ಅದು ಮುಗಿದ ಮೇಲೆ ಶೂ ಒಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ತೋಟಕ್ಕೆ ಹೋಗ್ತಾರೆ.

ನನ್ನ ಮಗ ಏಳನೇ ಕ್ಲಾಸು. ಶಾಲೆಯಲ್ಲಿ, ನಮ್ಮ ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ತಿಮ್ಮಯ್ಯನವರ ಬಗ್ಗೆ ಐದು ನಿಮಿಷ ಮಾತಾಡಬೇಕು. ತಾತನ ಪಕ್ಕ ಕೂತು ಎಲ್ಲಾ ಬರ್ಕೊಂಡ. ಬರ್ಮಾ ಆಯ್ತು, ಜೋಜಿಲಾ ಆಯ್ತು, ಕೊರಿಯಾ ಆಯ್ತು. ಕೊನೆಗೆ ಕೇಳಿದ, 'ತಾತ, ರಿಟೈರ್ ಆದ್ಮೇಲೆ ಅವ್ರೇನ್ ಮಾಡಿದ್ರು?' ಅಪ್ಪ 'ಸೈಪ್ರಸ್ಸಲ್ಲಿ ತೀರಿಕೊಂಡ್ರು ಮಗಾ' ಅಂದವರು ಮುಂದಕ್ಕೆ ಮಾತಾಡ್ಲಿಲ್ಲ. ನಾನು ಹುಡುಕಿದ ಕಡೆಯೆಲ್ಲ ಅಷ್ಟೇ ಇದೆ. 1961ರಲ್ಲಿ ನಿವೃತ್ತಿ, 1965ರಲ್ಲಿ ನಿಧನ. ನಡುವಿನ ನಾಲ್ಕೂವರೆ ವರ್ಷ ಎರಡು ಸಾಲಲ್ಲಿ ಮುಗಿದುಹೋಗುತ್ತೆ.

ಭಾಷಣಕ್ಕೆ ಎರಡು ಸಾಲು ಸಾಕು. ಆದರೆ ಮೂವತ್ತೈದು ವರ್ಷ ಯೂನಿಫಾರ್ಮ್‌ನಲ್ಲಿದ್ದು ಒಂದು ದಿನ ಅದನ್ನು ಕಳಚಿಟ್ಟ ಮನುಷ್ಯ ಆಮೇಲೆ ಹೇಗೆ ಬದುಕಿದರು ಅನ್ನೋದು ನನಗೇ ಬೇಕಾಗಿದೆ. ಯಾಕೆ ಅಂತ ಶೂ ವಿಷಯ ಓದಿದವರಿಗೆ ಅರ್ಥ ಆಗಿರುತ್ತೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಬೆಂಗ್ಳೂರು ದಂಡು

ತಂಗಿ, ನೀವು ಬೆಂಗಳೂರಿಗೆ ಬಂದಾಗ ರಿಚ್‌ಮಂಡ್ ರೋಡಿನಲ್ಲಿ ಓಡಾಡಿರಬೇಕು. ಅದರ ಈಗಿನ ಹೆಸರು ಜನರಲ್ ತಿಮ್ಮಯ್ಯ ರಸ್ತೆ. ಹತ್ತಿರದ ರೆಸಿಡೆನ್ಸಿ ರೋಡು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ. ನಾನು ಹುಟ್ಟಿ ಬೆಳೆದದ್ದೆಲ್ಲ ದಂಡು ಪ್ರದೇಶದಲ್ಲೇ. ಆಟೋದವರಿಗೆ 'ತಿಮ್ಮಯ್ಯ ರಸ್ತೆ' ಅಂದರೆ ಹಿಂತಿರುಗಿ 'ಯಾವ್ದು ಸಾರ್?' ಅಂತಾರೆ. ನಾನು ಬಿಡುವುದಿಲ್ಲ, ಮೊದಲು ಆ ಹೆಸರು ಹೇಳಿ ಆಮೇಲೆ ರಿಚ್‌ಮಂಡ್ ಅಂತೀನಿ. ಸೈಪ್ರಸ್‌ನಲ್ಲಿ ತೀರಿಕೊಂಡ ಮೇಲೆ ಅವರನ್ನು ತಂದು ಮಣ್ಣು ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ.

ಉಳಿದದ್ದನ್ನು ನನಗಿಂತ ಚೆನ್ನಾಗಿ ತಿಳಿದವರು ಇಲ್ಲಿದ್ದಾರೆ. 'ಹಳೆ ಪಲ್ಟನ್' ಸಾಹೇಬ್ರೇ, ಎಲ್ಲಿದ್ದೀರಿ?

ಹಳೆ ಪಲ್ಟನ್

ಇಲ್ಲೇ ಇದ್ದೇನೆ. ತಂಗಿ, ನಿಮ್ಮ ತಂದೆಯವರಿಗೆ ನನ್ನದೊಂದು ಜೈಹಿಂದ್ ಹೇಳಿ.

ನಿವೃತ್ತಿಯ ಮಾತಿಗೆ ಬರುವ ಮುನ್ನ, ಅವರು ಏನನ್ನು ಬಿಟ್ಟು ಬಂದರು ಅನ್ನುವುದು ಗೊತ್ತಿರಬೇಕು. ಚುಟುಕಾಗಿ ಹೇಳುತ್ತೇನೆ. 1906ರ ಮಾರ್ಚ್‌ನಲ್ಲಿ ಮಡಿಕೇರಿಯಲ್ಲಿ ಜನನ. ಕೂನೂರು, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್, ಡೆಹ್ರಾಡೂನಿನ ಮಿಲಿಟರಿ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರ ಫೆಬ್ರವರಿಯಲ್ಲಿ ಕಮಿಷನ್. ಸೇರಿದ್ದು 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಪಲ್ಟನ್ನಿಗೆ (ಬೆಟಾಲಿಯನ್). ಅದೇ ಇಂದಿನ 4 ಕುಮಾವ್. ಪಲ್ಟನ್ ಅಲಹಾಬಾದಿನಲ್ಲಿದ್ದಾಗ ಮೋತಿಲಾಲ್ ನೆಹರೂ ಅವರ ಪರಿಚಯವಾಯಿತು. ಸ್ವಾತಂತ್ರ್ಯ ಚಳವಳಿ ಕಾವೇರಿದ್ದ ಕಾಲ. ಬ್ರಿಟಿಷರ ಸೇನೆಯಲ್ಲಿರುವುದು ಸರಿಯೇ, ಬಿಟ್ಟುಬಿಡಲೇ ಎಂಬ ಪ್ರಶ್ನೆ ಆ ಯುವಕನಿಗಿತ್ತು. ದೇಶ ಸ್ವತಂತ್ರವಾದ ದಿನ ತರಬೇತಿ ಪಡೆದ ನಮ್ಮ ಅಧಿಕಾರಿಗಳೇ ಬೇಕಾಗುತ್ತಾರೆ, ಸೇನೆ ಬಿಡಬೇಡ ಎಂದು ಹೇಳಿದವರು ಮೋತಿಲಾಲರೇ.

ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್. 1945ರ ಜನವರಿಯಲ್ಲಿ ಕಾಂಗಾ ಗುಡ್ಡದ ಕಾಳಗ. ಅಲ್ಲಿ ಒಂದೇ ಬ್ರಿಗೇಡಿನ ಮೂರು ಪಲ್ಟನ್ನುಗಳಿಗೂ ಭಾರತೀಯರೇ ಕಮಾಂಡರು: ತಿಮ್ಮಯ್ಯ, ಥೋರಟ್, ಎಲ್.ಪಿ. ಸೇನ್. ಮೂವರಿಗೂ ಡಿಎಸ್‌ಒ ಎಂಬ ಬ್ರಿಟಿಷ್ ಸೇನಾ ಪದಕ ಬಂತು. ಅದಾಗಿ ತಿಮ್ಮಯ್ಯ 36ನೇ ಬ್ರಿಗೇಡಿನ ಕಮಾಂಡರ್ ಆದರು. ಆ ಯುದ್ಧದಲ್ಲಿ ರಣರಂಗದಲ್ಲಿದ್ದ ಬ್ರಿಗೇಡನ್ನು ಮುನ್ನಡೆಸಿದ ಭಾರತೀಯ ಅವರೊಬ್ಬರೇ.

1948ರಲ್ಲಿ ಕಾಶ್ಮೀರ, 19ನೇ ಡಿವಿಷನ್ನಿನ ಕಮಾಂಡರ್. ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಲೇಹ್‌ನಲ್ಲಿ ಮೊದಲ ಬಾರಿ ಡಕೋಟಾ ಇಳಿಸಿದಾಗ ಅವರ ಜೊತೆ ವಿಮಾನದಲ್ಲಿದ್ದವರು ತಿಮ್ಮಯ್ಯ. ಹತ್ತು ಸಾವಿರ ಅಡಿಗೂ ಎತ್ತರದಲ್ಲಿ ಆಗಷ್ಟೇ ಸಮ ಮಾಡಿದ ಮಣ್ಣಿನ ಪಟ್ಟಿ, ದಾರಿ ತೋರಿಸುವ ಉಪಕರಣ ಒಂದೂ ಇಲ್ಲ. ಅದೇ ವರ್ಷ ನವೆಂಬರ್ 1ರಂದು ಜೋಜಿಲಾ, ಕಾಶ್ಮೀರದಿಂದ ಲಡಾಖಿಗೆ ಹೋಗುವ ಕಣಿವೆ ದಾರಿ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಹಿಮದಲ್ಲಿ ಕಣಿವೆ ಹತ್ತಿ ಶತ್ರುವಿನ ಮೇಲೆ ಬಿದ್ದವು. ಅಷ್ಟು ಎತ್ತರದಲ್ಲಿ ಅದಕ್ಕೆ ಮೊದಲು ಯಾರೂ ಟ್ಯಾಂಕ್ ನುಗ್ಗಿಸಿರಲಿಲ್ಲ. ಎಲ್ಲಕ್ಕೂ ಮುಂದಿದ್ದ ಟ್ಯಾಂಕಿನಲ್ಲಿ ಡಿವಿಷನ್ ಕಮಾಂಡರ್ ತಿಮ್ಮಯ್ಯ ತಾವೇ ಕೂತಿದ್ದರು. ಅದೇ ತಿಂಗಳು ಕಾರ್ಗಿಲ್ ಕೈಗೆ ಬಂತು, ಲೇಹ್‌ಗೆ ದಾರಿ ತೆರೆಯಿತು.

1957ರ ಮೇ ತಿಂಗಳಿಂದ 1961ರ ಮೇ ತನಕ ಭೂಸೇನೆಯ ಮುಖ್ಯಸ್ಥರು. ಕೆಳಗಿಳಿದಾಗ ವಯಸ್ಸು 55. ಈಗಿನ ಲೆಕ್ಕದಲ್ಲಿ ಅದೊಂದು ವಯಸ್ಸೇ ಅಲ್ಲ.

ಚಾರಣಿಗ

ನನಗೆ ಈ ಹೆಸರು ಮೊದಲು ಕಿವಿಗೆ ಬಿದ್ದದ್ದು ಹಗ್ಗ ಹಿಡಿದುಕೊಂಡು ಬಂಡೆ ಇಳಿಯುವಾಗ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಬಿರದಲ್ಲಿ. ಪಿಯುಸಿ ಓದುತ್ತಿದ್ದೆ. ಟೀ ಶರ್ಟಿನ ಮೇಲೆ ಹೆಸರಿತ್ತು, ಯಾರು ಅಂತ ನಾನೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಹತ್ತು ವರ್ಷ ಬಿಟ್ಟು ಬೈಕಿನಲ್ಲಿ ಜೋಜಿಲಾ ದಾಟುವಾಗ ದ್ರಾಸ್ ಕಡೆ ಒಂದು ಚಹಾ ಅಂಗಡಿಯಲ್ಲಿ ಕೂತಿದ್ದೆ. ಅಂಗಡಿಯ ಅಜ್ಜ ನನ್ನ ಗಾಡಿಯ ಕೆಎ ನಂಬರ್ ನೋಡಿ 'ತಿಮ್ಮಯ್ಯ ಸಾಬ್ ಊರಿನವನಾ?' ಅಂದರು. ಆ ಚಳಿಯಲ್ಲಿ ಕಣ್ಣು ಒದ್ದೆಯಾಯ್ತು. ಮುಂದುವರಿಸಿ ಸರ್, ಕೇಳ್ತಾ ಇದ್ದೀನಿ.

ಮಂಜಿನೂರು

ನಾನು ಮಡಿಕೇರಿಯವನು, ಕೊಡವ. ನಮ್ಮೂರಿನ ಕಡೆಯ ವಿಷಯ ನಾನು ಹೇಳ್ತೇನೆ.

ನಿವೃತ್ತಿಯಾದ ಮೇಲೆ ಅವರು ಮರಳಿ ಬಂದದ್ದು ಕೊಡಗಿಗೆ. ಅವರ ಮನೆ 'ಸನ್ನಿಸೈಡ್' ಮಡಿಕೇರಿಯಲ್ಲೇ ಇದೆ. ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ, ಆ ಮನೆ ಬಹಳ ವರ್ಷ ಆರ್‌ಟಿಒ ಕಚೇರಿಯಾಗಿತ್ತು. ನನ್ನ ಮೊದಲ ಲೈಸೆನ್ಸು ಆಗಿದ್ದು ಅಲ್ಲೇ. ಮಳೆಗಾಲ, ಕೊಡೆ ಮಡಚಿ ಗೋಡೆಗೆ ಒರಗಿಸಿ ಸಾಲಿನಲ್ಲಿ ನಿಂತಿದ್ದೆ. ಕಿಟಕಿಯ ಹಳೇ ಮರದ ಚೌಕಟ್ಟಿನ ಮೇಲೆ ಎಲ್ಲರೂ ಅರ್ಜಿ ಇಟ್ಟು ಸಹಿ ಹಾಕುತ್ತಿದ್ದರು, ಅದರ ಬಣ್ಣ ಸವೆದು ಮರ ಕಾಣುತ್ತಿತ್ತು. ನಾನೂ ಹಾಕಿದೆ. ಯಾರ ಮನೆಯ ಕಿಟಕಿ ಅದು ಅಂತ ಆಗ ನನ್ನ ತಲೆಗೆ ಹೊಳೆದಿರಲಿಲ್ಲ. ಮನೆಗೆ ಬಂದು ಲೈಸೆನ್ಸು ತೋರಿಸಿದಾಗ ನನ್ನ ತಾಯಿ ಕೇಳಿದ್ದು ಒಂದೇ ಮಾತು, 'ಜನರಲ್ ಮನೆ ಒಳಗೆ ಚಪ್ಪಲಿ ಬಿಟ್ಟು ಹೋದ್ಯಾ?'

ಈಗ ಅದು ಸ್ಮಾರಕ ವಸ್ತುಸಂಗ್ರಹಾಲಯ. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದರು. ಅಂಗಳದಲ್ಲಿ ಟ್ಯಾಂಕ್ ನಿಲ್ಲಿಸಿದ್ದಾರೆ. ಮಡಿಕೇರಿಗೆ ಬಂದವರು ರಾಜಾಸೀಟು ನೋಡಿ ಹೊರಟುಬಿಡುತ್ತಾರೆ, ಒಂದು ಗಂಟೆ ಇಲ್ಲಿಗೂ ಬನ್ನಿ ಅಂತ ಕೈಮುಗಿದು ಕೇಳುತ್ತೇನೆ. ಊರಿನ ವೃತ್ತದಲ್ಲಿ ಅವರ ಪ್ರತಿಮೆಯೂ ಇದೆ. 2023ರಲ್ಲಿ ಒಂದು ಬಸ್ಸು ಗುದ್ದಿ ಪ್ರತಿಮೆ ಉರುಳಿಬಿದ್ದ ದಿನ ಊರಿಗೆ ಊರೇ ಮಂಕಾಗಿತ್ತು. ಮತ್ತೆ ನಿಲ್ಲಿಸಿದರು ಅನ್ನಿ.

ಇನ್ನೊಂದು ಮಾತು. ಅವರ ಬಗ್ಗೆ ಮಾತಾಡುವವರು ನೀನಾ ತಿಮ್ಮಯ್ಯನವರನ್ನು ಮರೆಯುತ್ತಾರೆ. 1935ರಲ್ಲಿ ಮದುವೆಯಾದ ಹೊಸತರಲ್ಲೇ ಗಂಡನ ಜೊತೆ ಕ್ವೆಟ್ಟಾಕ್ಕೆ ಹೋದರು. ಅದೇ ವರ್ಷ ಮೇ ಕೊನೆಯಲ್ಲಿ ಅಲ್ಲಿ ಭೂಕಂಪವಾಗಿ ಊರಿಗೆ ಊರೇ ನೆಲಸಮವಾಯಿತು. ಹೊಸ ಮದುಮಗಳು ಗಾಯಾಳುಗಳ ಸೇವೆಗೆ ಇಳಿದಳು. ಆ ಸೇವೆಗೆ ಕೈಸರ್-ಎ-ಹಿಂದ್ ಪದಕ ಬಂತು. ಮನೆಯಲ್ಲಿ ಪದಕ ತಂದವರು ಜನರಲ್ ಒಬ್ಬರೇ ಅಲ್ಲ.

ಇತಿಹಾಸದ ಮೇಷ್ಟ್ರು

ಒಳ್ಳೆಯ ಚರ್ಚೆ. ನಿವೃತ್ತಿಯ ನಂತರದ ಕಾಲದ ಒಂದು ಮುಖ್ಯ ಸಂಗತಿಯನ್ನು ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

1962ರ ಜುಲೈ. ಚೀನಾ ಯುದ್ಧಕ್ಕೆ ಇನ್ನು ಮೂರು ತಿಂಗಳಿತ್ತು. ನಿವೃತ್ತ ಜನರಲ್ ತಿಮ್ಮಯ್ಯ ಒಂದು ಇಂಗ್ಲಿಷ್ ಮಾಸಪತ್ರಿಕೆಗೆ ಲೇಖನ ಬರೆದರು. ಅದರ ಸಾರ ಇಷ್ಟು: ಪಾಕಿಸ್ತಾನದ ಮಟ್ಟಿಗೆ ನಮ್ಮ ಸೇನೆ ಸಾಕಾದೀತು, ಆದರೆ ಚೀನಾದ ಜೊತೆ ಬಹಿರಂಗ ಯುದ್ಧವನ್ನು ಭಾರತ ಒಂಟಿಯಾಗಿ ಎದುರಿಸುವುದನ್ನು ಒಬ್ಬ ಸೈನಿಕನಾಗಿಯೂ ತಾನು ಊಹಿಸಲಾರೆ. ಅವರ ಬಳಿ ಸಂಖ್ಯೆ, ಶಸ್ತ್ರ, ವಿಮಾನಬಲ ಎಲ್ಲ ಹೆಚ್ಚಿದೆ, ಹಿಂದೆ ಸೋವಿಯತ್ ಬೆಂಬಲವೂ ಇದೆ. ಆದ್ದರಿಂದ ಈ ಗಡಿಯ ಭದ್ರತೆಯನ್ನು ರಾಜಕಾರಣಿಗಳೂ ರಾಜತಾಂತ್ರಿಕರೂ ನೋಡಿಕೊಳ್ಳಬೇಕು.

ಸೇನೆಯನ್ನು ನಾಲ್ಕು ವರ್ಷ ಆಳಿದವರು ಹೀಗೆ ಬರೆಯುವುದು ಸುಲಭದ ಮಾತಲ್ಲ. ಅಕ್ಟೋಬರ್ 20ಕ್ಕೆ ದಾಳಿ ಶುರುವಾಯಿತು. ನವೆಂಬರ್‌ನಲ್ಲಿ, ರಕ್ಷಣಾ ಮಂತ್ರಿಯಾಗಿದ್ದ ಕೃಷ್ಣ ಮೆನನ್ ಮಂತ್ರಿಮಂಡಲ ಬಿಟ್ಟರು. ತಿಮ್ಮಯ್ಯ ಬೆಳೆದು ಬಂದ ಕುಮಾವ್ ರೆಜಿಮೆಂಟಿನದೇ 13ನೇ ಪಲ್ಟನ್ನಿನ ಚಾರ್ಲಿ ಕಂಪನಿ ಲಡಾಖಿನ ರೆಜಾಂಗ್ ಲಾದಲ್ಲಿ ನವೆಂಬರ್ 18ರಂದು ಹೆಚ್ಚುಕಡಿಮೆ ಪೂರ್ತಿ ನಾಶವಾಯಿತು.

ನನಗೆ ಅವರ ಮೇಲೆ ಅಪಾರ ಗೌರವ. ಆದರೂ ಒಂದು ಮಾತು ಹೇಳಲೇಬೇಕು. 1959ರ ಆಗಸ್ಟ್ 31ರಂದು ಅವರು ರಾಜೀನಾಮೆ ಕೊಟ್ಟರು. ರಕ್ಷಣಾ ಮಂತ್ರಿ ಮೆನನ್ ಬಡ್ತಿಗಳಲ್ಲಿ ಕೈಹಾಕುತ್ತಾರೆ, ತಮಗೆ ಬೇಕಾದ ಸೇನಾಧಿಕಾರಿ ಕೌಲ್ ಅವರನ್ನು ಮುಂದೆ ತರುತ್ತಾರೆ, ಗಡಿಯ ಮಾತಿಗೆ ಕಿವಿಗೊಡುವುದಿಲ್ಲ, ಹೀಗೆ ದೂರುಗಳು ಒಂದೆರಡಲ್ಲ. ಈಶಾನ್ಯ ಗಡಿಯ ಲೋಂಗ್ಜುನಲ್ಲಿ ಚೀನೀಯರ ಗುಂಡು ಹಾರಿ ಒಂದು ವಾರವೂ ಆಗಿರಲಿಲ್ಲ. ನೆಹರೂ ಕರೆದು ಮಾತಾಡಿದರು, ಇವರು ವಾಪಸ್ ತೆಗೆದುಕೊಂಡರು. ಮರುದಿನ ಪತ್ರಿಕೆಗಳಲ್ಲಿ ಸುದ್ದಿ, ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ನೆಹರೂ ಮೆನನ್ ಪರ ನಿಂತು, ಇವರ ದೂರುಗಳು ಸಣ್ಣಪುಟ್ಟವು ಎಂಬಂತೆ ಮಾತಾಡಿದರು. ವಾಪಸ್ ತೆಗೆದುಕೊಂಡಿದ್ದರಿಂದ ಅವರ ಮಾತಿನ ತೂಕವೇ ಇಳಿಯಿತು. ಅವತ್ತು ಗಟ್ಟಿಯಾಗಿ ನಿಂತಿದ್ದರೆ ದೇಶ ಬೆಚ್ಚಿ ಎದ್ದು ಕೂರುತ್ತಿತ್ತು. ಮೂರು ವರ್ಷ ತಡವಾಗಿ ಪತ್ರಿಕೆಯಲ್ಲಿ ಬರೆದದ್ದನ್ನು ಯಾರು ಓದಿದರು?

ಹಳೆ ಪಲ್ಟನ್

ಮೇಷ್ಟ್ರೇ, ಒಪ್ಪುವುದಿಲ್ಲ.

ಆ ಹೊತ್ತನ್ನು ಕಣ್ಣಮುಂದೆ ತಂದುಕೊಳ್ಳಿ. ಪಕ್ಕದ ಪಾಕಿಸ್ತಾನದಲ್ಲಿ 1958ರ ಅಕ್ಟೋಬರ್‌ನಲ್ಲಿ ಅಯೂಬ್ ಖಾನ್ ಅಧಿಕಾರ ಹಿಡಿದು ಕೂತಿದ್ದಾರೆ. ವರ್ಷ ತುಂಬಿಲ್ಲ. ಅಂಥ ಸಮಯದಲ್ಲಿ ನಮ್ಮ ಭೂಸೇನಾ ಮುಖ್ಯಸ್ಥ ಮಂತ್ರಿಯ ಮೇಲೆ ಮುನಿಸಿಕೊಂಡು ಹೊರನಡೆದರೆ ಜನ ಏನೆಂದುಕೊಳ್ಳುತ್ತಾರೆ? ಸೇನೆಯ ಒಳಗೆ ಏನಾಗುತ್ತದೆ? ತಿಮ್ಮಯ್ಯ ಸಿಪಾಯಿಗಳ ಕಣ್ಮಣಿ. ಅವರು ಹೊರಗೆ ನಿಂತು ಒಂದು ಮಾತಾಡಿದ್ದರೆ ಸಾಕಿತ್ತು. ಪ್ರಧಾನಿ ಎದುರು ಕೂರಿಸಿಕೊಂಡು ಕೇಳಿದಾಗ ಕಾಗದ ಹಿಂದಕ್ಕೆ ತೆಗೆದುಕೊಂಡದ್ದು ಹೇಡಿತನವಲ್ಲ. ತನ್ನ ಮಾನಕ್ಕಿಂತ ಸೇನೆಯ ಶಿಸ್ತು ದೊಡ್ಡದು ಅಂದುಕೊಂಡವರು ಮಾಡುವ ಕೆಲಸ. ಸಂಸತ್ತಿನಲ್ಲಿ ಆದ ಅವಮಾನವನ್ನು ನುಂಗಿಕೊಂಡು ಇನ್ನೂ ಇಪ್ಪತ್ತು ತಿಂಗಳು ಕುರ್ಚಿಯಲ್ಲಿ ಕೂತು ಕೆಲಸ ಮಾಡಿದರಲ್ಲ, ಅದಕ್ಕೆ ಎಂಟೆದೆ ಬೇಕು.

ಮತ್ತೆ, ಆ ಇಪ್ಪತ್ತು ತಿಂಗಳು ವ್ಯರ್ಥವಾಗಲಿಲ್ಲ. ಪೂರ್ವ ಕಮಾಂಡಿನಲ್ಲಿದ್ದ ಥೋರಟ್ ಅವರು ಈಶಾನ್ಯ ಗಡಿಯ ರಕ್ಷಣೆ ಹೇಗಿರಬೇಕು ಅಂತ ವರದಿ ಮಾಡಿ, 1960ರ ಮಾರ್ಚ್‌ನಲ್ಲಿ ಲಖನೌದಲ್ಲಿ ಯುದ್ಧಾಭ್ಯಾಸ ನಡೆಸಿ ತೋರಿಸಿದರು. ತಿಮ್ಮಯ್ಯ ಆ ವರದಿಯನ್ನು ಒಪ್ಪಿ ಮೇಲಕ್ಕೆ ಕಳಿಸಿದರು. ಮೇಲಿನವರು ಅದನ್ನು ಮೂಲೆಗೆ ಹಾಕಿದ್ದು ಇವರ ತಪ್ಪಲ್ಲ.

ಇತಿಹಾಸದ ಮೇಷ್ಟ್ರು

ಅಯೂಬ್ ಖಾನ್ ಸಂಗತಿ ನೀವು ಹೇಳಿದ್ದು ಸರಿ, ಆ ಅನುಮಾನ ದೆಹಲಿಯಲ್ಲಿ ಇತ್ತು. ಆದರೆ ರಾಜೀನಾಮೆ ಕೊಟ್ಟು ಮನೆಗೆ ಹೋಗುವುದು ದಂಗೆಯಲ್ಲ ಸಾಹೇಬರೇ. ಪ್ರಜಾಪ್ರಭುತ್ವದಲ್ಲಿ ಒಬ್ಬ ಜನರಲ್‌ಗೆ ಇರುವ ಒಂದೇ ಸಭ್ಯ ಪ್ರತಿಭಟನೆ ಅದು. ಮಂತ್ರಿಯ ಮಾತು ಮೇಲು ಅನ್ನುವುದನ್ನು ಒಪ್ಪಿಕೊಂಡೇ 'ಈ ಮಾತನ್ನು ನಾನು ಜಾರಿ ಮಾಡಲಾರೆ' ಎಂದು ಹೇಳಿದ ಹಾಗೆ. ತರಗತಿಯಲ್ಲಿ ಮಕ್ಕಳು ಇದನ್ನೇ ಕೇಳುತ್ತಾರೆ, ನಾನು ಎರಡೂ ಕಡೆಯನ್ನು ಹೇಳುತ್ತೇನೆ, ನನ್ನ ಒಲವು ಯಾವ ಕಡೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಇಲ್ಲಿಗೆ ಬಿಡೋಣ, ತಂಗಿಯ ಪ್ರಶ್ನೆ ಬೇರೆಯೇ ಇದೆ.

ಲಾರ್ನಾಕಾ ಕನ್ನಡಿಗ

ನಾನು ಹಾಸನದ ಕಡೆಯವನು. ಹಡಗಿನ ಕಂಪನಿ ಕೆಲಸದ ಮೇಲೆ ಸೈಪ್ರಸ್‌ಗೆ ಬಂದು ಆರು ವರ್ಷ. ಈ ಚರ್ಚೆ ಓದಿ ಸುಮ್ಮನಿರೋಕೆ ಆಗಲಿಲ್ಲ.

ಬಂದ ಹೊಸತರಲ್ಲಿ ಲಾರ್ನಾಕಾದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ದಲ್ಲಾಳಿ ಫೋನಿನಲ್ಲಿ ವಿಳಾಸ ಹೇಳಿದ. 'ಸ್ತ್ರಾತಿಗು ತಿಮಾಯಾ' ಅಂದ ಹಾಗೆ ಕೇಳಿಸಿತು. ಗ್ರೀಕ್ ಹೆಸರು ಇರಬೇಕು ಅಂದುಕೊಂಡು ಹೋದೆ. ಅಗಲವಾದ ರಸ್ತೆ, ಎರಡೂ ಕಡೆ ಕಚೇರಿ, ಅಂಗಡಿ. ನೀಲಿ ಫಲಕದಲ್ಲಿ ಮೇಲೆ ಗ್ರೀಕ್ ಅಕ್ಷರ, ಕೆಳಗೆ ಇಂಗ್ಲಿಷ್ ಅಕ್ಷರ. ನಾಲ್ಕು ಸಲ ಓದಿಕೊಂಡೆ. ಪಕ್ಕದ ಅಂಗಡಿಯವನನ್ನು ಕೇಳಿದೆ, ಸ್ತ್ರಾತಿಗೋಸ್ ಅಂದರೆ ಏನು ಅಂತ. ಸೇನಾಪತಿ ಅಂದ. ಜನರಲ್ ತಿಮ್ಮಯ್ಯ! ನಮ್ಮ ಹಾಸನದಿಂದ ಮಡಿಕೇರಿ ನೂರು ಕಿಲೋಮೀಟರ್ ಆಸುಪಾಸು. ಅಲ್ಲಿಯ ಹೆಸರು ಮೆಡಿಟರೇನಿಯನ್ ದಡದ ಈ ಊರಿನ ಮುಖ್ಯ ರಸ್ತೆಗೆ ಇದೆ. ಬೆಂಗ್ಳೂರು ದಂಡು ಅವರೇ, ಇಲ್ಲಿ ಟ್ಯಾಕ್ಸಿಯವರಿಗೆ ಆ ಹೆಸರು ಎರಡನೇ ಸಲ ಹೇಳಬೇಕಾಗಿಲ್ಲ.

ಆಮೇಲೆ ಇಲ್ಲಿಯ ಕಥೆ ತಿಳಿದುಕೊಳ್ಳುತ್ತಾ ಹೋದೆ. 1960ರಲ್ಲಿ ಬ್ರಿಟಿಷರಿಂದ ಬಿಡುಗಡೆಯಾದ ದ್ವೀಪ. ಗ್ರೀಕ್ ಸೈಪ್ರಿಯಟರು, ಟರ್ಕಿಶ್ ಸೈಪ್ರಿಯಟರು ಒಂದೇ ಬೀದಿಯಲ್ಲಿ ಇದ್ದವರು, 1963ರ ಡಿಸೆಂಬರ್‌ನಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ನಿಕೋಸಿಯಾ ನಕ್ಷೆಯ ಮೇಲೆ ಒಬ್ಬ ಬ್ರಿಟಿಷ್ ಜನರಲ್ ಎರಡೂ ಕಡೆಯವರನ್ನು ಬೇರೆ ಮಾಡಲು ಹಸಿರು ಪೆನ್ಸಿಲಿನಲ್ಲಿ ಗೆರೆ ಎಳೆದರು, ಅದೇ ಗ್ರೀನ್ ಲೈನ್. 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಬಂತು. ಮೊದಲ ಕಮಾಂಡರ್ ಕೂಡ ಭಾರತದವರೇ, ಲೆಫ್ಟಿನೆಂಟ್ ಜನರಲ್ ಗ್ಯಾನಿ. ಅವರ ನಂತರ ಆ ಬೇಸಿಗೆಯಲ್ಲಿ ತಿಮ್ಮಯ್ಯ. ಬಂದು ಸರಿಯಾಗಿ ಕೂತಿರಲೂ ಇಲ್ಲ, ಆಗಸ್ಟ್‌ನಲ್ಲಿ ಕೊಕ್ಕಿನಾ ಎಂಬ ಕಡಲ ದಡದ ಹಳ್ಳಿಯ ಸುತ್ತ ಕಾಳಗ ಹತ್ತಿಕೊಂಡು ಟರ್ಕಿಯ ವಿಮಾನಗಳು ಬಾಂಬು ಹಾಕಿದವು. ಎರಡು ದೇಶಗಳ ಯುದ್ಧ ಆಗಿಯೇ ಹೋಯಿತು ಅನ್ನುವ ಗಳಿಗೆ. ಅದು ತಣ್ಣಗಾದ ಮೇಲೆ ನಿಜವಾದ ಕೆಲಸ ಶುರು. ಈ ಹಳ್ಳಿಯ ನೀರಿನ ಕೊಳವೆ ಆ ಹಳ್ಳಿಯ ಮೂಲಕ ಬರುತ್ತದೆ, ಇವರ ಗೋಧಿ ಹೊಲ ಅವರ ಕಾವಲು ಗೋಪುರದ ಕೆಳಗಿದೆ. ಅಂಥದ್ದನ್ನೆಲ್ಲ ಕೂತು ಬಗೆಹರಿಸುವುದೇ ಶಾಂತಿಪಡೆಯ ನಿತ್ಯದ ಪಾಡು, ಇವತ್ತಿಗೂ. ಅರವತ್ತು ವರ್ಷ ದಾಟಿದರೂ ಪಡೆ ಇಲ್ಲೇ ಇದೆ. ನಿಕೋಸಿಯಾದ ಲೆಡ್ರಾ ಬೀದಿಯಲ್ಲಿ ನಡೆದು ಹೋದರೆ ಅರ್ಧಕ್ಕೆ ಪಾಸ್‌ಪೋರ್ಟ್ ತೋರಿಸಿ ಮುಂದಕ್ಕೆ ಹೋಗಬೇಕು.

1965ರ ಡಿಸೆಂಬರ್ 18ರಂದು ನಿಕೋಸಿಯಾದಲ್ಲೇ ಹೃದಯಾಘಾತದಿಂದ ಹೋದರು. ಕಮಾಂಡಿನಲ್ಲಿದ್ದಾಗಲೇ. ಮರುವರ್ಷ ಸೈಪ್ರಸ್ ಸರ್ಕಾರ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಹಳೇ ವಸ್ತುಗಳ ಅಂಗಡಿಯಲ್ಲಿ ಒಂದು ಸಿಕ್ಕಿತು, ಕೊಂಡು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಅಕ್ಕ, ನಿಮ್ಮ ಮಗನಿಗೆ ರಸ್ತೆ ಫಲಕದ್ದೂ ಚೀಟಿಯದ್ದೂ ಫೋಟೋ ಕಳಿಸಲೇ?

ಹವಾಲ್ದಾರರ ಮಗಳು

ಕಳಿಸಿ ಅಣ್ಣಾ, ಖಂಡಿತ ಕಳಿಸಿ. ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ತಿಳೀತಿಲ್ಲ. ರಾತ್ರಿ ಊಟ ಆದ್ಮೇಲೆ ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ರಾಜೀನಾಮೆ ಜಗಳ ಓದುವಾಗ ಕಣ್ಣು ಮುಚ್ಚಿಕೊಂಡು ಕೇಳಿದ್ರು, ಯಾರ ಕಡೆಗೂ ಹೇಳಲಿಲ್ಲ.

ಒಂದು ಮಾತ್ರ ನನಗೆ ಇನ್ನೂ ಅರ್ಥ ಆಗಿಲ್ಲ. ಮೂವತ್ತೈದು ವರ್ಷ ದುಡಿದು, ಕೊನೆಗೆ ನೋವುಂಡು ಬಂದವರು. ಕೊಡಗಿನ ಮನೆ, ಹೆಂಡತಿ, ಮಗಳು. ಮತ್ತೆ ಯಾಕೆ ಹೋದರು? ದುಡ್ಡಿಗಂತೂ ಅಲ್ಲ.

ಹಳೆ ಪಲ್ಟನ್

ಅವರ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಹೇಳಲಾರೆ ತಂಗಿ. ಆದರೆ ಎರಡು ಸಂಗತಿ ಪಕ್ಕಪಕ್ಕ ಇಟ್ಟು ನೋಡಿ.

ಮೊದಲನೆಯದು ಕೊರಿಯಾ. 1953ರ ಸೆಪ್ಟೆಂಬರ್‌ನಿಂದ ಐದು ತಿಂಗಳು ಅವರು ಅಲ್ಲಿನ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ, ನಡುವೆ ಭಾರತ. ತಾಯ್ನಾಡಿಗೆ ಹೋಗಲೊಲ್ಲದ 22 ಸಾವಿರಕ್ಕೂ ಹೆಚ್ಚು ಚೀನೀ, ಉತ್ತರ ಕೊರಿಯಾ ಯುದ್ಧಕೈದಿಗಳು ನಮ್ಮ ಸೈನಿಕರ ವಶದಲ್ಲಿ. ಒಳಗೆ ಕೈದಿಗಳ ಗುಂಪುಗಾರಿಕೆ, ಹೊರಗೆ ಎರಡೂ ಕಡೆಯವರ ಬೈಗುಳ. ಕಾವಲು ಪಡೆಯ ಮುಖ್ಯಸ್ಥರಾಗಿದ್ದವರು ಅದೇ ಥೋರಟ್, ಕಾಂಗಾ ಗುಡ್ಡದ ಜೊತೆಗಾರ. ದೊಡ್ಡ ರಕ್ತಪಾತವಾಗದಂತೆ ಮುಗಿಸಿಕೊಂಡು ಬಂದರು. ಯಾವ ಕಡೆಗೂ ಹೋಗಲೊಪ್ಪದ 88 ಮಂದಿ ನಮ್ಮ ಪಡೆಯ ಜೊತೆ ಹಡಗು ಹತ್ತಿ ಭಾರತಕ್ಕೇ ಬಂದರು, ಕೆಲವರು ಇಲ್ಲೇ ಬಾಳಿದರು. 1954ರಲ್ಲಿ ತಿಮ್ಮಯ್ಯನವರಿಗೆ ಪದ್ಮಭೂಷಣ ಬಂತು. ಗುಂಡು ಹಾರಿಸದೆ ಇಬ್ಬರ ನಡುವೆ ನಿಲ್ಲುವ ಕೆಲಸ ಬಲ್ಲವರು ಆಗ ಜಗತ್ತಿನಲ್ಲೇ ಕೈಬೆರಳೆಣಿಕೆಯಷ್ಟು. ವಿಶ್ವಸಂಸ್ಥೆ ಮತ್ತೆ ಅವರನ್ನು ನೆನೆದದ್ದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯದು ನನ್ನ ಮನಸ್ಸಿಗೆ ತುಂಬ ಹತ್ತಿರದ್ದು. 1923ರಲ್ಲಿ ಬ್ರಿಟಿಷರು ಎಂಟು ಪಲ್ಟನ್ನುಗಳನ್ನು ಬೇರೆ ಮಾಡಿ, ಭಾರತೀಯ ಅಧಿಕಾರಿಗಳನ್ನು ಅವುಗಳಿಗೆ ಮಾತ್ರ ಹಾಕಬೇಕು ಅಂತ ನಿಯಮ ತಂದರು. ಹೆಸರಿಗೆ ಭಾರತೀಕರಣ. ಒಳಗಿನ ಉದ್ದೇಶ ಬೇರೆ: ಯಾವ ಬಿಳಿಯ ಅಧಿಕಾರಿಯೂ ಭಾರತೀಯನ ಕೈಕೆಳಗೆ ಕೆಲಸ ಮಾಡುವ ಪ್ರಸಂಗ ಬರಬಾರದು. ಆ ಎಂಟರಲ್ಲಿ ಒಂದು 4/19 ಹೈದರಾಬಾದ್, ತಿಮ್ಮಯ್ಯನವರನ್ನು ಹಾಕಿದ್ದು ಅಲ್ಲಿಗೇ. ಇನ್ನೊಂದು 7ನೇ ಲೈಟ್ ಕ್ಯಾವಲ್ರಿ, ಜೋಜಿಲಾ ಹತ್ತಿದ ಟ್ಯಾಂಕುಗಳು ಅದರವೇ.

ಈಗ 1964ಕ್ಕೆ ಬನ್ನಿ. ಸೈಪ್ರಸ್‌ನಲ್ಲಿ ಆರು ಸಾವಿರಕ್ಕೂ ಹೆಚ್ಚು ಸೈನಿಕರು. ಕೆನಡಾ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್, ಐರ್ಲೆಂಡ್ ಮತ್ತು ಬ್ರಿಟನ್. ಭಾರತದ ಒಂದು ಪಲ್ಟನ್ನೂ ಅಲ್ಲಿರಲಿಲ್ಲ. ಅವರೆಲ್ಲರೂ ಸೆಲ್ಯೂಟ್ ಹೊಡೆಯುತ್ತಿದ್ದದ್ದು ಮಡಿಕೇರಿಯ ಮನುಷ್ಯನಿಗೆ.

ಬೆಂಗ್ಳೂರು ದಂಡು

ಸಾಹೇಬ್ರೇ, ಈ ಎಂಟು ಪಲ್ಟನ್ನಿನ ವಿಷಯ ನಾನು ಇವತ್ತೇ ಕೇಳಿದ್ದು. ಓದಿ ಮೈ ಜುಮ್ಮೆಂದಿತು. ನಾಳೆಯಿಂದ ಆಟೋದಲ್ಲಿ ರಿಚ್‌ಮಂಡ್ ಅನ್ನುವುದನ್ನೇ ಬಿಡುತ್ತೇನೆ. ದಾರಿ ನಾನೇ ತೋರಿಸಿದರಾಯಿತು.

ಮಂಜಿನೂರು

ಇದಕ್ಕೆ ಇನ್ನೊಂದು ಎಳೆ ಸೇರಿಸಲೇಬೇಕು. ಅವರ ಅಣ್ಣ ಪೊನ್ನಪ್ಪ ಆಜಾದ್ ಹಿಂದ್ ಫೌಜ್ ಸೇರಿದವರು. ತಮ್ಮ ಸೋಮಯ್ಯ ಕಾಶ್ಮೀರದ ಕಾರ್ಯಾಚರಣೆಯಲ್ಲಿ ಜೀವ ಕೊಟ್ಟರು. ಒಂದು ತಾಯಿಯ ಮಕ್ಕಳು ಮೂವರೂ ಸೈನ್ಯದ ಅಧಿಕಾರಿಗಳು. ಒಬ್ಬ ನೇತಾಜಿ ಕಡೆ, ಒಬ್ಬ ಅದೇ ಹೊತ್ತಿಗೆ ಬರ್ಮಾದಲ್ಲಿ ಬ್ರಿಟಿಷ್ ಭಾರತದ ಕಡೆ. ಕೊಡಗಿನ ಎಷ್ಟೋ ಐನ್‌ಮನೆಗಳ (ಮನೆತನದ ಮೂಲಮನೆ) ಗೋಡೆ ಮೇಲೆ ಇಂಥ ಫೋಟೋಗಳು ಅಕ್ಕಪಕ್ಕ ತೂಗುತ್ತವೆ. ಹಬ್ಬದ ದಿನ ದೀಪ ಇಡುವಾಗ ನಾವು ಎರಡಕ್ಕೂ ಕೈಮುಗಿಯುತ್ತೇವೆ. ಎರಡೂ ಕಡೆ ನಿಂತವರನ್ನು ಅರ್ಥ ಮಾಡಿಕೊಳ್ಳುವುದನ್ನು ಅವರು ಸೈಪ್ರಸ್‌ಗೆ ಹೋಗಿ ಕಲಿತದ್ದಲ್ಲ, ಮನೆಯಲ್ಲೇ ಇತ್ತು ಅಂತ ನನಗೆ ಅನ್ನಿಸುತ್ತದೆ.

ಅಕ್ಕ, ತಂದೆಯವರನ್ನು ಕರೆದುಕೊಂಡು ಬನ್ನಿ. ಬರುವ ದಿನ ಇಲ್ಲಿ ಒಂದು ಸಾಲು ಬರೆಯಿರಿ, ಬಸ್‌ಸ್ಟ್ಯಾಂಡಿನಲ್ಲಿ ನಾನಿರುತ್ತೇನೆ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ.

ಹವಾಲ್ದಾರರ ಮಗಳು

ಮಗನ ಭಾಷಣ ನಿನ್ನೆ ಆಯ್ತು. ಲಾರ್ನಾಕಾ ಅಣ್ಣ ಕಳಿಸಿದ ಫಲಕದ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದ. ಐದು ನಿಮಿಷದ ಮಾತು ಹನ್ನೆರಡು ನಿಮಿಷ ಆಯ್ತಂತೆ, ಟೀಚರ್ ತಡೀಲಿಲ್ಲವಂತೆ.

ಇನ್ನು ಅಪ್ಪನ ಕಡೆಯಿಂದ ಒಂದು ತಿದ್ದುಪಡಿ. ಹೇಳಿದ್ದನ್ನು ಹೇಳಿದ ಹಾಗೆ ಬರೀತಿದ್ದೀನಿ, ಹಳೆ ಪಲ್ಟನ್ ಸಾಹೇಬ್ರು ಅನ್ಯಥಾ ಭಾವಿಸಬಾರದು. 'ಟ್ಯಾಂಕು ಜೋಜಿಲಾ ಹತ್ತಿತು ಅಂತ ಬರೆದವರೆ. ಹೇಗ್ ಹತ್ತಿತು? ಜೋಜಿಲಾ ಬುಡದ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯೋ ದಾರಿ. ಅದನ್ನ ಟ್ಯಾಂಕ್ ಹೋಗೋ ರಸ್ತೆ ಮಾಡಿದೋರು ನಮ್ ಮದ್ರಾಸ್ ಸ್ಯಾಪರ್ಸು. ಮೇಲಿಂದ ಗುಂಡು ಬೀಳ್ತಿತ್ತು, ಕೆಳಗೆ ನಮ್ಮ ತಂಬಿಗಳು ಬಂಡೆ ಒಡೀತಿದ್ರು. ಜಮ್ಮುವಿಂದ ಶ್ರೀನಗರಕ್ಕೆ ಟ್ಯಾಂಕು ತರುವಾಗ ಯಾರ ಕಣ್ಣಿಗೂ ಬೀಳಬಾರದು ಅಂತ ಮೇಲಿನ ಗೋಪುರ ಬಿಚ್ಚಿದ್ರು, ಭಾರ ತಡೀಲಿ ಅಂತ ದಾರಿಯ ಸೇತುವೆಗಳನ್ನ ಗಟ್ಟಿ ಮಾಡಿದ್ರು. ಇದನ್ನೂ ಸೇರಿಸು.' ಸೇರಿಸಿದ್ದೀನಿ.

ಮಂಜಿನೂರು ಅಣ್ಣಾ, ಬರೋ ಭಾನುವಾರ ಹೊರಡ್ತಿದ್ದೀವಿ, ನಾನು, ಮಗ, ಅಪ್ಪ. ಬೆಳಗಿನ ಮೊದಲ ಬಸ್ಸು. ಅಪ್ಪ ನಿನ್ನೆ ರಾತ್ರಿಯೇ ಕೋಟು ಇಸ್ತ್ರಿ ಮಾಡಿಟ್ಟು, ಪದಕಗಳ ಡಬ್ಬಿ ತೆಗೆದು ನೋಡಿ, ಹಾಕ್ಕೊಂಡು ಹೋಗಬಹುದಾ ಅಂತ ಕೇಳಿದ್ರು. ಹಾಕ್ಕೊಳ್ಳಿ ಅಂದೆ. ಭಾನುವಾರ ಚಪ್ಪಲಿ ಮನೇಲೇ ಇರುತ್ತೆ, ಶೂ ಹಾಕ್ತಾರೆ.